ಉಣ್ಣೆ ಮೈಗೆ ಅಂಟದಂತೆ

ಆಕೆ ಪತ್ರಿಕೆಯ ತುಣುಕನ್ನು ಹಾಲಿನ ಕವರಿನಲ್ಲಿಟ್ಟುಕೊಂಡು ಬಂದಿದ್ದಳು. ಕವರನ್ನು ತೊಳೆದು ಒಣಗಿಸಿ, ಬಾಯಿಯನ್ನು ಎರಡು ಸಲ ಮಡಚಿದ್ದಳು. ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿರುವ ನನ್ನ ಕಚೇರಿ ಎಂದರೆ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಆಕೆ ಕೂರಲಿಲ್ಲ. ತುಣುಕನ್ನು ಮೇಜಿನ ಮೇಲೆ ಬಿಡಿಸಿ ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

"ಇದು ನೀವು ಬರ್ದಿದ್ದಾ ಅಣ್ಣಾ?"

ನಾನೇ ಬರೆದದ್ದು. ಸುದ್ದಿಗೆ ನನ್ನ ಹೆಸರಿರಲಿಲ್ಲ. ಆದರೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ವರದಿಗಾರ ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತು.

"ಈ ಪದಕ್ಕೆ ಏನರ್ಥ ಹೇಳ್ರಿ. ನಾನು ಓದಿದ್ದು ತಪ್ಪಾ?"

ಪದ: ಉಣ್ಣೆ. ಆಕೆಯ ಗಂಡ ಮಂಗನ ಕಾಯಿಲೆಯಿಂದ ಸತ್ತು ನಾಲ್ಕು ತಿಂಗಳ ಮೇಲಾಗಿತ್ತು. ಗಂಡ ಸತ್ತ ಹೆಂಗಸು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿಯುವವರೆಗೆ ಆಕೆ ಹೊಸ್ತಿಲು ದಾಟಿರಲಿಲ್ಲ. ದಾಟಿದ ಮೊದಲ ವಾರವೇ ಇಲ್ಲಿಗೆ ಬಂದಿದ್ದಳು.

ಆತ ಹಾಸಿಗೆ ಹೊಲಿಯುವವನು. ಹತ್ತಿ ಹಿಂಜುವುದು ಅವರ ಮನೆತನದ ಕಸುಬು. ತಂದೆ ಬಳಸುತ್ತಿದ್ದ ಹಿಂಜುವ ಬಿಲ್ಲು ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿತ್ತು, ಕೆಲಸವನ್ನು ಮೂಲೆಯ ಯಂತ್ರ ಮಾಡುತ್ತಿತ್ತು. ನಮ್ಮ ಮನೆಯ ಹಾಸಿಗೆ ಗಂಟುಗಟ್ಟಿದಾಗಲೆಲ್ಲ ಆತನೇ ಬಂದು, ಅಂಗಳದಲ್ಲಿ ಬಿಚ್ಚಿ, ಅರಳೆಯನ್ನು ಬಿಸಿಲಿಗೆ ಹರಡಿ, ಸಂಜೆಯೊಳಗೆ ಮತ್ತೆ ತುಂಬಿ ಹೊಲಿದು ಹೋಗುತ್ತಿದ್ದ. ಓದು ಬರಹ ಬರುತ್ತಿರಲಿಲ್ಲ. ಆ ಬಗ್ಗೆ ನಾಚಿಕೆಯೂ ಇರಲಿಲ್ಲ.

"ಪೇಪರಣ್ಣಾ, ನೀವು ಬರ್ಯೋದು ಒಂದು ದಿನಕ್ಕೆ, ನಾನು ಹೊಲ್ಯೋದು ಐದು ವರ್ಷಕ್ಕೆ. ಯಾರ್ದು ದೊಡ್ಡ ಕೆಲ್ಸ?"

"ನಿನ್ನದೇ ಭಾಯಿ. ನಾನು ಬರೆದದ್ದರಲ್ಲಿ ಮಂಡಕ್ಕಿ ಕಟ್ತಾರೆ."

"ಮಂಡಕ್ಕಿ ತಿಂದೋರು ಒಂದ್ಸಲ ಆದ್ರೂ ನೋಡ್ತಾರೆ. ಹಾಸ್ಗೆ ಮೇಲೆ ಬಿದ್ಕೊಂಡೋರು ಹೊಲಿಗೆ ನೋಡ್ತಾರಾ?"

ದಿಂಬಿಗೆ ಆತ ಬೂರುಗದ ಅರಳೆಯನ್ನೇ ತುಂಬುತ್ತಿದ್ದ. ಬೇಸಿಗೆ ಶುರುವಾಗುವ ಹೊತ್ತಿಗೆ ಬೂರುಗದ ಕಾಯಿ ಒಣಗಿ ಬಿರಿಯುತ್ತದೆ. ಆಗ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋಗಿ, ಅಲ್ಲಿಂದ ಕ್ಯಾಸನೂರಿನ ಕಡೆಯ ಕಾಡಂಚಿನ ಊರುಗಳಲ್ಲಿ ಅಲೆದು, ಚೀಲ ತುಂಬಿಕೊಂಡು ಸಂಜೆಗೆ ಬರುತ್ತಿದ್ದ. ಬೂರುಗದ ಕಾಂಡದಲ್ಲಿ ಮುಳ್ಳಿರುತ್ತದೆ, ಬೆಳಗ್ಗೆ ಚಳಿಯೂ ಇರುತ್ತದೆ. ಅದಕ್ಕಾಗಿ ಆತನ ಬಳಿ ಕಂದು ಬಣ್ಣದ ಹಳೆಯ ಉಣ್ಣೆಯ ಸ್ವೆಟರ್ ಇತ್ತು. ತುಂಬು ತೋಳು, ಕತ್ತಿನವರೆಗೆ ಮುಚ್ಚುವಂಥದು. ಆ ಸ್ವೆಟರಿನಲ್ಲಿ ಆತನನ್ನು ಬಸ್ ನಿಲ್ದಾಣದಲ್ಲಿ ಹಲವು ವರ್ಷ ನೋಡಿದ್ದೇನೆ.

ಆ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿ ಬಂದಾಗ ಸೊರಬದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕರಪತ್ರ ಹಂಚಿದರು, ಮೈಗೆ ಹಚ್ಚುವ ಎಣ್ಣೆ ಕೊಟ್ಟರು. ಶಿಕಾರಿಪುರದ ಪೇಟೆಗೆ ಕರಪತ್ರ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ನಾನು ಒಂದು ಪ್ರತಿ ತಂದು ಸುದ್ದಿ ಮಾಡಿದೆ. ಕರಪತ್ರದಲ್ಲಿ ಇದ್ದ ಪದ ಉಣುಗು. ಸೊರಬ ತಾಲ್ಲೂಕಿನಲ್ಲೇ ಹುಟ್ಟಿದ ನನಗೆ ಅದು ಮನೆಯ ಪದ. ಅವ್ವ ದನದ ಕಿವಿಯಿಂದ ಉಣುಗು ಕಿತ್ತು ಒಲೆಯ ಕೆಂಡಕ್ಕೆ ಹಾಕುತ್ತಿದ್ದಳು. ಅದು ಚಟ್ ಎಂದು ಸಿಡಿಯುತ್ತಿತ್ತು.

ಆದರೆ ಪತ್ರಿಕೆಯಲ್ಲಿ ಬಹಳ ವರ್ಷಗಳಿಂದ ನಡೆದುಬಂದದ್ದು ಉಣ್ಣೆ ಎಂಬ ರೂಪ. ಉಣುಗು ಆಡುಮಾತು, ಉಣ್ಣೆ ಬರಹದ ಮಾತು ಎಂದು ನಾವು ನಂಬಿದ್ದೆವು. ಬದಲಾಯಿಸು ಎಂದು ನನಗೆ ಯಾರೂ ಹೇಳಲಿಲ್ಲ. ಕೈ ತಾನಾಗಿ ಬದಲಾಯಿಸಿತು. ಅಚ್ಚಾದದ್ದು ಹೀಗೆ: "ಕಾಡಂಚಿಗೆ ಹೋಗುವವರು ಉಣ್ಣೆ ಮೈಗೆ ಅಂಟದಂತೆ ಎಚ್ಚರ ವಹಿಸಬೇಕು. ಬಟ್ಟೆಯಲ್ಲಿ ಉಣ್ಣೆ ಇದ್ದರೆ ತೆಗೆದುಹಾಕಿ ಬಿಸಿನೀರಿನ ಸ್ನಾನ ಮಾಡಬೇಕು."

ಕಚ್ಚುತ್ತದೆ ಎಂಬ ಮಾತು ಎಲ್ಲಿಯೂ ಇರಲಿಲ್ಲ. ನಮ್ಮ ಕಡೆ ಉಣುಗು ಕಚ್ಚುವುದಿಲ್ಲ, ಹತ್ತುತ್ತದೆ, ಅಂಟುತ್ತದೆ. ಕರಪತ್ರದ ಕೊನೆಯಲ್ಲಿ ತುಂಬು ತೋಳಿನ ಬಟ್ಟೆ ತೊಡಬೇಕು ಎಂಬ ಸಾಲಿತ್ತು. ಅದನ್ನೂ ನಾನು ಬರೆದು ಕಳಿಸಿದ್ದೆ. ಪುಟ ಕಟ್ಟುವಾಗ ಜಾಗ ಸಾಲಲಿಲ್ಲ. ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದು ನಮ್ಮ ಪದ್ಧತಿ.

ಆ ಬೆಳಗ್ಗೆ ಅವರ ಮನೆಯಲ್ಲಿ ನಡೆದದ್ದನ್ನು ಆಕೆ ನನ್ನ ಮೇಜಿನ ಮುಂದೆ ನಿಂತೇ ಹೇಳಿದಳು. ಮನೆಯಲ್ಲಿ ಅವರದು ಉರ್ದು ಮಾತು. ನನಗೆ ಕನ್ನಡದಲ್ಲಿ ಹೇಳಿದಳು. ಆಕೆ ಆನವಟ್ಟಿಯಲ್ಲಿ ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಆ ಮನೆಯಲ್ಲಿ ಕನ್ನಡ ಓದಬಲ್ಲವಳು ಆಕೆಯೊಬ್ಬಳೇ. ದಿನವೂ ಬೆಳಗ್ಗೆ ಗಂಡನಿಗೂ ಅತ್ತೆಗೂ ಪತ್ರಿಕೆ ಓದಿ ಹೇಳುವುದು ಆಕೆಯ ಪಾಲಿನ ಕೆಲಸ.

"ಅವ್ರು ಸ್ವೆಟರ್ ಹಾಕ್ಕೊಂಡು ಚಾ ಕುಡೀತಾ ಇದ್ರು. ನಾನು ಓದ್ದೆ. ಉಣ್ಣೆ ಮೈಗೆ ಅಂಟಬಾರ್ದಂತೆ, ಬಟ್ಟೇಲಿ ಉಣ್ಣೆ ಇದ್ರೆ ತೆಗೀಬೇಕಂತೆ ಅಂದೆ. ಉಣ್ಣೆ ಅಂದ್ರೆ ಊನಾ, ಕಂಬ್ಳಿ ಮಾಡ್ತಾರಲ್ಲ ಅದಾ ಅಂದ್ರು. ಹೂಂ ಅಂದೆ. ನಗಾಡಿದ್ರು. ನಾವು ಹತ್ತಿ ಜನ ಕಣೆ, ನಮಗೆ ಉಣ್ಣೆ ಆಗಿ ಬರಲ್ಲ ಅಂತ ಪೇಪರ್‌ನೋರಿಗೂ ಗೊತ್ತಾಗಿದೆ ಅಂದ್ರು."

"ಉಣ್ಣೆಯಿಂದ ಜ್ವರ ಬರುತ್ತೆ ಅಂದರೆ ವಿಚಿತ್ರ ಅನ್ನಿಸಲಿಲ್ವಾ?"

ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಈಗಲೂ ಬೇಸರವಿದೆ. ಆಕೆ ಮಾತ್ರ ಸಿಟ್ಟಾಗದೆ ಉತ್ತರಿಸಿದಳು.

"ಕರೋನಾ ಟೈಮಲ್ಲಿ ಬಟ್ಟೆ ಮೇಲೆ ಕೂರ್ತದೆ, ಬಿಸಿನೀರಲ್ಲಿ ತೊಳೀರಿ ಅಂತ ನೀವೇ ಬರ್ದಿದ್ರಲ್ಲ ಅಣ್ಣಾ. ಇದೂ ಹಂಗೇ ಅನ್ಕೊಂಡೆ. ಉಣ್ಣೇಲಿ ಜಾಸ್ತಿ ಕೂರ್ತದೇನೋ ಅಂತ."

ಚಳಿ ಇದೆ, ಹಾಕಿಕೊಂಡು ಹೋಗಲಿ ಬಿಡು ಎಂದು ಅತ್ತೆ ಅಂದರಂತೆ. ಪೇಪರಿನಲ್ಲಿ ಹಾಕಿದ್ದಾರೆ ಎಂದು ಈಕೆ ಹಟ ಹಿಡಿದಳಂತೆ. ಗಂಡನ ಮೈಯಿಂದ ತಾನೇ ಸ್ವೆಟರ್ ಎಳೆದು ಗೂಟಕ್ಕೆ ಹಾಕಿದಳು. ಆತ ಅರ್ಧ ತೋಳಿನ ಅಂಗಿಯಲ್ಲಿ ಬಸ್ಸು ಹತ್ತಿದ.

ಮುಂದಿನದನ್ನು ವರದಿಯಂತೆ ಹೇಳಬಹುದು. ಆತ ಎರಡು ಚೀಲ ಬೂರುಗ ತಂದ. ವಾರದೊಳಗೆ ಜ್ವರ ಬಂತು, ತಲೆನೋವು, ಸೊಂಟ ಎತ್ತಲಾಗದ ನೋವು. ಆಮೇಲೆ ಒಸಡಿನಲ್ಲಿ ರಕ್ತ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯೇ ತೀರಿಕೊಂಡ. ಅವರಿಗೆ ಮಕ್ಕಳಿರಲಿಲ್ಲ. ನಾನು ಆ ದಿನ ಆಸ್ಪತ್ರೆಗೆ ಹೋಗಿದ್ದೆ, ವರದಿಗಾರನಾಗಿ. ವೈದ್ಯರ ಹೇಳಿಕೆಗೆ ಕಾಯುತ್ತ ನಿಂತಾಗ ಕಾರಿಡಾರಿನ ತುದಿಯಲ್ಲಿ ಕೇರಳದ ಒಬ್ಬ ನರ್ಸ್ ಫೋನಿನಲ್ಲಿ ತನ್ನ ಮಗನನ್ನು ಮುದ್ದಿನಿಂದ "ಉಣ್ಣೀ, ಉಣ್ಣೀ" ಎಂದು ಕರೆಯುತ್ತಿದ್ದಳು. ಕೇಳಿಸಿಕೊಂಡೆ, ಮರೆತೆ. ಮರುದಿನ ನಾಲ್ಕು ಸಾಲು ಬರೆದೆ: ಕಾಡಿನಲ್ಲಿ ಉಣ್ಣೆ ಕಚ್ಚಿ ಸೋಂಕು ತಗುಲಿದ್ದ ವ್ಯಕ್ತಿ ಚಿಕಿತ್ಸೆ ಫಲಿಸದೆ ಮೃತಪಟ್ಟಿದ್ದಾರೆ.

ಆ ನಾಲ್ಕು ಸಾಲನ್ನು ಆಕೆ ಇದ್ದತ್ತಿನ ಕೋಣೆಯಲ್ಲಿ ಕೂತು ಓದಿದ್ದಳು.

"ಆಸ್ಪತ್ರೇಲಿ ಮಂಗನ ಕಾಯ್ಲೆ ಅಂದ್ರು, ಅಷ್ಟೇ. ನೀವು ಉಣ್ಣೆ ಕಚ್ಚಿ ಅಂತ ಹಾಕಿದ್ರಿ. ಉಣ್ಣೆ ಹೆಂಗೆ ಕಚ್ತದೆ? ನಾಲ್ಕು ತಿಂಗ್ಳು ಗೋಡೆ ನೋಡ್ಕೊಂಡು ಅದನ್ನೇ ಯೋಚ್ನೆ ಮಾಡಿದೀನಿ."

"ಆ ಪದಕ್ಕೆ ಎರಡು ಅರ್ಥ ಇದೆ ತಂಗಿ. ಕುರಿ ಕೂದಲಿಗೂ ಉಣ್ಣೆ ಅಂತಾರೆ. ದನದ ಮೈಮೇಲೆ ರಕ್ತ ಹೀರೋ ಹುಳಕ್ಕೂ ಅಂತಾರೆ."

"ನೀವು ಯಾವ್ದು ಬರ್ದಿದ್ದು?"

"ಹುಳ."

ಆಕೆ ತುಣುಕನ್ನು ಮತ್ತೆ ನೋಡಿದಳು. ಪ್ರತಿ ಸಾಲನ್ನೂ ಹುಳ ಎಂದು ಇಟ್ಟುಕೊಂಡು ಓದುತ್ತಿದ್ದಾಳೆ ಎಂದು ತುಟಿಯ ಚಲನೆಯಿಂದ ತಿಳಿಯಿತು. ಓದಿ ಮುಗಿಸಿ ಮಡಚಿದಳು.

"ಅತ್ತೆ ತವ್ರಿಗೆ ಹೋಗು ಅಂತಿದಾರೆ. ಓದು ಕಲ್ತೋಳು ಓದಿ ಓದಿ ನನ್ನ ಮಗನ ಸ್ವೆಟರ್ ಬಿಚ್ಸಿದ್ಳು ಅಂತ ಬಂದೋರ ಮುಂದೆಲ್ಲ ಹೇಳ್ತಾರೆ. ತವ್ರಲ್ಲಿ ಅಣ್ಣಂದು ಒಂದೇ ಕೋಣೆ, ಅವನಿಗೇ ನಾಕು ಮಕ್ಳು. ಹೋಗೋದಾದ್ರೆ ಹೋಗ್ತೀನಿ. ತಪ್ಪು ನಂದಾ ಅಂತ ಗೊತ್ತಾದ್ರೆ ಸಾಕು."

ನಾನು "ಯಾರದೂ ತಪ್ಪಲ್ಲ" ಎಂದೆ. ಅಪಘಾತದ ವರದಿಯಲ್ಲಿ ಪೊಲೀಸರು ಹೇಳುವಂಥ ವಾಕ್ಯ. ಆಕೆ ತಲೆಯಾಡಿಸಿ, ತುಣುಕನ್ನು ಕವರಿಗೆ ಸೇರಿಸಿಕೊಂಡು ಹೋದಳು.

ಆಮೇಲಿನ ಕೆಲವು ದಿನ ನಾನು ಆ ಪದದ ಹಿಂದೆ ಬಿದ್ದೆ. ನಿಘಂಟು ತೆಗೆದೆ. ಅಲ್ಲಿ ಇದ್ದದ್ದು ಒಂದು ಪದ, ಎರಡು ಅರ್ಥ ಅಲ್ಲ. ಎರಡು ಬೇರೆ ಪದಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಾಗುಣಿತದಲ್ಲಿ ಕೂತಿದ್ದವು. ಕುರಿಯ ಉಣ್ಣೆ ಸಂಸ್ಕೃತದ ಊರ್ಣದಿಂದ ಬಂದದ್ದು. ಅದೇ ಊರ್ಣ ಹಿಂದಿ, ಉರ್ದುಗಳಲ್ಲಿ ಊನ್ ಆಗಿದೆ. ಇಂಗ್ಲಿಷಿನ ವುಲ್ ಕೂಡ ಅದರ ದೂರದ ನೆಂಟ ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಹುಳದ ಹೆಸರು ನಮ್ಮದೇ ಮಣ್ಣಿನದು. ಉಣ್ ಎಂದರೆ ತಿನ್ನು. ಉಣ್ಣುವುದು ಉಣ್ಣಿ, ಉಣುಗು. ಬಾಯಿಂದ ಬಾಯಿಗೆ ಹೋಗುತ್ತ ಎಲ್ಲೋ ಉಣ್ಣಿಯೂ ಉಣ್ಣೆಯಾಯಿತು. ಅಂದರೆ ಆಕೆ ಓದಿದ್ದು ತನ್ನ ಮನೆಮಾತಿನ ಊನ್, ನಾನು ಬರೆದದ್ದು ನನ್ನ ಅವ್ವನ ಉಣುಗು. ಅಕ್ಷರ ಮಾತ್ರ ಒಂದೇ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೆಕ್ಕೆಜೋಳ ತುಂಬಿಸಲು ಬಂದಿದ್ದ ತಮಿಳು ಲಾರಿ ಚಾಲಕನನ್ನು ಉಣ್ಣಿ ಅಂದರೇನು ಎಂದು ಕೇಳಿದೆ. "ನಾಯಿ ಸಾಕಿದೀರಾ ಸಾರ್?" ಎಂದ. ಅವನಿಗೆ ಅದು ಹುಳ ಮಾತ್ರ. ಕಾಡಂಚಿನಲ್ಲಿ ಹಬ್ಬುವ ಲಂಟಾನ ಪೊದೆಯನ್ನು ಅವರಲ್ಲಿ ಉಣ್ಣಿ ಗಿಡ ಎಂದೇ ಕರೆಯುತ್ತಾರಂತೆ. ಅಂಬ್ಲಿಗೊಳದ ಬಳಿ ಕಾಲುವೆ ಕೆಲಸಕ್ಕೆ ಬಂದಿದ್ದ ತೆಲುಗಿನವರಿಗೆ ಉನ್ನಿ ಎಂದರೆ ಬರೀ ಕುರಿ ಕೂದಲು. ಹುಳಕ್ಕೆ ಆ ಹೆಸರು ಎಂದಾಗ ನನ್ನ ಕನ್ನಡ ಸರಿಯಿಲ್ಲ ಎಂಬಂತೆ ನೋಡಿದರು. ಮರಾಠಿ ಬಲ್ಲ ಪರಿಚಯದ ಬಟ್ಟೆ ವ್ಯಾಪಾರಿ, ತಮ್ಮಲ್ಲಿ ಉಣೆ ಎಂದರೆ ಕಮ್ಮಿ, ಕೊರತೆ ಎಂದರು. ಅದು ನಮ್ಮ ಊನದ ಬಳಗ, ಕುರಿಗೂ ಹುಳಕ್ಕೂ ಸಂಬಂಧವಿಲ್ಲ. ಆಸ್ಪತ್ರೆಯ ನರ್ಸ್ ನೆನಪಾಗಿದ್ದು ಆಗ. ಕೇರಳದವರೊಬ್ಬರನ್ನು ವಿಚಾರಿಸಿದೆ. ಮಲಯಾಳದಲ್ಲಿ ಉಣ್ಣಿ ಎಂದರೆ ಪುಟ್ಟ ಗಂಡುಮಗು, ಕಂದ. ಉಣ್ಣುವ ಕೂಸು ಎಂದೇ ಬಂದಿರಬಹುದೇ ಎಂದರೆ, ಇರಬಹುದು, ಖಚಿತವಾಗಿ ಗೊತ್ತಿಲ್ಲ ಎಂದರು. ಖಚಿತವಿಲ್ಲ ಎಂದೇ ಇಲ್ಲಿಯೂ ಬರೆಯುತ್ತಿದ್ದೇನೆ. ಇಷ್ಟಂತೂ ನಿಜ: ಒಂದು ಕೋಣೆಯಲ್ಲಿ ಆತ ಸಾಯುತ್ತಿದ್ದಾಗ ಹೊರಗೆ ಒಬ್ಬ ತಾಯಿ ಅದೇ ಸದ್ದಿನಿಂದ ತನ್ನ ಮಗನನ್ನು ಕರೆಯುತ್ತಿದ್ದಳು.

ಶಿಕಾರಿಪುರದ ಹೊರಗೆ ಬೀಳು ನೆಲದಲ್ಲಿ ಉತ್ತರದ ಕಡೆಯ ಕುರಿಗಾಹಿಗಳು ಮಂದೆ ಬಿಟ್ಟಿದ್ದರು. ಅವರ ಬಾಯಲ್ಲಿ ಮನೆ ಮನಿಯಾಗುತ್ತದೆ, ಉಣ್ಣೆಯೂ ಉಣ್ಣಿಯಾಗುತ್ತದೆ. ಕುರಿಯ ಮೈಮೇಲಿನ ಎರಡಕ್ಕೂ ಒಂದೇ ಪದ. ಗೊಂದಲವಾಗುವುದಿಲ್ಲವೇ ಎಂದು ಅವರಲ್ಲೊಬ್ಬ ಹಿರಿಯನನ್ನು ಕೇಳಿದೆ.

"ಎಂಥಾ ಗೊಂದ್ಲ ರೀ? ಒಂದನ್ನ ಕತ್ತರಿಸ್ತೀವಿ, ಒಂದನ್ನ ಕೀಳ್ತೀವಿ."

ಆತ ನಕ್ಕ. ಕುರಿಯನ್ನು ಕಣ್ಣೆದುರು ನಿಲ್ಲಿಸಿಕೊಂಡು ಮಾತಾಡುವವನಿಗೆ ಪದ ಹೇಗಿದ್ದರೂ ನಡೆಯುತ್ತದೆ. ಪತ್ರಿಕೆ ಓದುವವಳ ಎದುರಿಗೆ ಪದವಲ್ಲದೆ ಬೇರೇನೂ ಇರುವುದಿಲ್ಲ. ಅಲ್ಲಿಂದ ಬೈಕಿನಲ್ಲಿ ವಾಪಸು ಬರುವಾಗ ನಾನು ಮಾಡುತ್ತಿರುವುದೇನು ಎಂಬುದು ಹೊಳೆಯಿತು. ನಾನು ಪದದ ಮೂಲ ಹುಡುಕುತ್ತಿರಲಿಲ್ಲ. ನನ್ನ ಪರವಾಗಿ ಸಾಕ್ಷಿಗಳನ್ನು ಸೇರಿಸುತ್ತಿದ್ದೆ. ಇಷ್ಟು ಭಾಷೆಗಳಲ್ಲಿ ಇಷ್ಟು ಅರ್ಥವಿರುವ ಪದದಲ್ಲಿ ಯಾರು ಬೇಕಾದರೂ ಎಡವಬಹುದು ಎಂದು ಹೇಳಿಸಲು. ನಿಜವಾದ ವಿಷಯ ಸಣ್ಣದು. ಕರಪತ್ರದಲ್ಲಿ ತಪ್ಪಾಗಿ ಓದಲು ಸಾಧ್ಯವೇ ಇಲ್ಲದ ಪದವೊಂದಿತ್ತು. ನಾನು ಅದನ್ನು ತೆಗೆದೆ.

ತಿದ್ದುಪಡಿ ಹಾಕಿಸೋಣ ಎಂದು ಡೆಸ್ಕಿಗೆ ಫೋನು ಮಾಡಿದೆ. ಅಲ್ಲಿಯ ಹಿರಿಯರು ಸಮಾಧಾನದಿಂದಲೇ ಕೇಳಿಸಿಕೊಂಡರು.

"ಪದ ನಿಘಂಟಲ್ಲಿ ಇದೆಯೇನಯ್ಯ?"

"ಇದೆ."

"ಮತ್ತೆ ತಪ್ಪು ಎಲ್ಲಿ ಬಂತು ಮಾರಾಯ? ಇಲ್ಲದ ತಪ್ಪಿಗೆ ತಿದ್ದುಪಡಿ ಹಾಕ್ತಾ ಹೋದರೆ ದಿನಾ ಒಂದು ಪುಟ ಬೇಕು."

ಅವರ ಸ್ಥಾನದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಅಚ್ಚಿನಲ್ಲಿ ಹೇಳಲಾಗದ್ದನ್ನು ಬಾಯಲ್ಲಿ ಹೇಳುವುದೊಂದೇ ಉಳಿದಿತ್ತು.

ಮಾರನೆಯ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಅಂಗಡಿಯ ಹಿಂದೆಯೇ ಮನೆ. ಅಂಗಡಿಯ ಬಾಗಿಲು ಹಾಕಿತ್ತು. ಹಿತ್ತಲಿನ ನೆರಳಿನಲ್ಲಿ ಅತ್ತೆ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿಯೊಳಗೆ ಬೆರಳಾಡಿಸುತ್ತಿದ್ದರು. ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ. ಕಿತ್ತದ್ದನ್ನು ಅದರೊಳಗೆ ಹಾಕುತ್ತಿದ್ದರು. ಒಳಗಿನ ಗೂಟದಲ್ಲಿ ಕಂದು ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಹೊಸ್ತಿಲ ಪಕ್ಕ ಒಂದು ಕಬ್ಬಿಣದ ಟ್ರಂಕು, ಅದರ ಮೇಲೆ ಮಡಚಿದ ಚಾದರ. ಸೊಸೆ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆಯಲಿಲ್ಲ.

"ಪೇಪರ್‌ನೋರಾ?" ಅತ್ತೆ ತಲೆಯೆತ್ತದೆ ಕೇಳಿದರು. "ಮತ್ತೆ ಏನ್ ಬರ್ಕೊಳ್ಳಕ್ಕೆ ಬಂದ್ರಿ? ಇನ್ಯಾರೂ ಸತ್ತಿಲ್ಲ ಇಲ್ಲಿ."

"ಬರೆಯೋಕಲ್ಲ ಅಮ್ಮ. ಒಂದು ಮಾತು ಹೇಳೋಕೆ. ನಿಮ್ಮ ಸೊಸೆ ಅವತ್ತು ಓದಿದ್ದು ಸರಿಯಾಗೇ ಇದೆ."

"ಸರಿ ಓದಿದ್ರೆ ನನ್ನ ಮಗ ಎಲ್ಲಿ?"

"ತಪ್ಪು ಬರೆದದ್ದು ನಾನು. ಸರ್ಕಾರದವರ ಚೀಟಿಯಲ್ಲಿ ಬೇರೆ ಪದ ಇತ್ತು. ನಾನು ಬದಲಾಯಿಸಿದೆ."

"ಯಾಕೆ?"

ವರದಿಗಾರನಾಗಿ ಇಪ್ಪತ್ತೆಂಟು ವರ್ಷ ನಾನು ಜನರನ್ನು ಕೇಳಿದ ಪ್ರಶ್ನೆ ಅದು.

"ಪೇಪರಲ್ಲಿ ಚೆಂದ ಕಾಣಲಿ ಅಂತ."

ಅವರು ಆಡಿನ ಕಿವಿ ಬಿಟ್ಟರು. "ಏನಂತ ಬರೀಬೇಕಿತ್ತು?"

ನಾನು ಚಿಪ್ಪಿನ ಕಡೆ ಕೈ ತೋರಿಸಿದೆ. ಸೀಮೆಎಣ್ಣೆಯಲ್ಲಿ ಬೂದುಬಣ್ಣದ ಐದಾರು ಕಾಳು ತೇಲುತ್ತಿದ್ದವು. ಅವರು ಚಿಪ್ಪನ್ನು ನೋಡಿದರು, ನನ್ನನ್ನು ನೋಡಿದರು.

"ಇದಾ? ಗೋಚಡಿ?"

ಅವರ ಮನೆಮಾತಿನಲ್ಲಿ ಉಣುಗಿಗೆ ಇದ್ದ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು. ಅಷ್ಟು ಭಾಷೆಗಳಲ್ಲಿ ವಿಚಾರಿಸಿದ್ದ ನಾನು, ಸತ್ತವನ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಯಾರನ್ನೂ ಕೇಳಿರಲಿಲ್ಲ.

"ಹೌದು. ಆಡಿಂದಲ್ಲ, ಕಾಡಿಂದು. ಮಂಗನ ಮೈಯಿಂದ ಬಿದ್ದು ಎಲೆ ಕೆಳಗೆ ಇರುತ್ತೆ."

"ಗೋಚಡಿ," ಎಂದು ಇನ್ನೊಮ್ಮೆ ಅಂದರು. ದನಿ ಏರಲಿಲ್ಲ. "ಆ ಒಂದು ಮಾತು ಹಾಕಿದ್ರೆ ಇವ್ಳು ಅವ್ನಿಗೆ ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿ ಕಳಿಸ್ತಿದ್ಳು. ಇವ್ಳು ಬಿಟ್ರೆ ನಾನು ಬಿಡ್ತಿದ್ನಾ?"

ಸ್ವೆಟರ್ ಇದ್ದಿದ್ದರೆ ಆತ ಬದುಕುತ್ತಿದ್ದ ಎಂದು ಯಾವ ವೈದ್ಯರೂ ಹೇಳಲಾರರು. ಉಣುಗು ಕಾಲಿನಿಂದಲೂ ಹತ್ತುತ್ತದೆ, ಕತ್ತಿನಿಂದಲೂ ಇಳಿಯುತ್ತದೆ. ಈ ವಾಕ್ಯ ನನ್ನ ನಾಲಿಗೆಯ ತುದಿಯವರೆಗೆ ಬಂತು. ವಾಕ್ಯ ನಿಜವಾದದ್ದೇ. ನಾನು ಅದನ್ನು ಹೇಳಲಿಲ್ಲ.

"ಅದನ್ನ ತಗೊಂಬಾರೆ," ಎಂದು ಅತ್ತೆ ಸೊಸೆಗೆ ಹೇಳಿದರು. ಸೊಸೆ ಹಾಲಿನ ಕವರು ತಂದಳು. "ಇವ್ರಿಗೆ ಕೊಡು. ಓದ್ರಿ ನೀವು. ನನ್ನ ಮುಂದೆ ಓದ್ರಿ. ಸರಿ ಮಾತು ಹಾಕಿ ಓದ್ರಿ."

ನಿಂತುಕೊಂಡೇ ಓದಿದೆ. ಕಾಡಂಚಿಗೆ ಹೋಗುವವರು ಗೋಚಡಿ ಮೈಗೆ ಅಂಟದಂತೆ ಎಚ್ಚರ ವಹಿಸಬೇಕು. ಬಟ್ಟೆಯಲ್ಲಿ ಗೋಚಡಿ ಇದ್ದರೆ ತೆಗೆದುಹಾಕಿ ಬಿಸಿನೀರಿನ ಸ್ನಾನ ಮಾಡಬೇಕು. ಅಚ್ಚಾಗದೆ ಹೋದ ಕೊನೆಯ ಸಾಲನ್ನೂ ನೆನಪಿನಿಂದ ಹೇಳಿದೆ: ತುಂಬು ತೋಳಿನ ಬಟ್ಟೆ ತೊಡಬೇಕು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಸೊಸೆ ಗೂಟದ ಕಡೆ ನೋಡುತ್ತಿದ್ದಳು.

ಆಡು ಚಿಪ್ಪಿಗೆ ಮೂಗು ಹಾಕಲು ಹೋಯಿತು. ಅತ್ತೆ ಅದರ ಕತ್ತು ಹಿಡಿದು ಪಕ್ಕಕ್ಕೆ ಎಳೆದರು.

"ಟ್ರಂಕು ಒಳಗಿಡು," ಎಂದರು. "ದಾರೀಲಿ ಇಟ್ರೆ ಎಡವಿ ಬೀಳ್ತೀನಿ. ಆಡಿಗೆ ನೀರಿಡು ಆಮೇಲೆ."

ಸೊಸೆ ಚಾದರ ತೆಗೆದು ಹೆಗಲಿಗೆ ಹಾಕಿಕೊಂಡು, ಟ್ರಂಕನ್ನು ಎರಡೂ ಕೈಯಿಂದ ಎಳೆದು ಒಳಗೆ ತೆಗೆದುಕೊಂಡು ಹೋದಳು. ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಮನೆಯೊಳಗೆ ಬಹಳ ದೂರ ಹೋದಂತೆ ಕೇಳಿಸಿತು, ಚಿಕ್ಕ ಮನೆಯಾದರೂ.

ಅತ್ತೆ ಮತ್ತೆ ಆಡಿನ ಕಿವಿ ಮಡಚಿದರು. "ನಿಮ್ದು ಹೇಳೋದು ಮುಗೀತಲ್ಲ? ಹೋಗ್ರಿ. ಇನ್ನು ಈ ಕಡೆ ಬರ್ಬೇಡಿ."

ಕೈಯಲ್ಲಿ ತುಣುಕು ಇನ್ನೂ ಇತ್ತು. ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಳ್ಳಲು ಹೋದೆ. ನೀರಿನ ಬಕೆಟ್ ಹಿಡಿದು ಹೊರಬಂದ ಸೊಸೆ ಅದನ್ನು ನೋಡಿ ಬಕೆಟ್ ಕೆಳಗಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಅದು ಇಲ್ಲೇ ಇರ್ಲಿ ಅಣ್ಣಾ. ನಾಳೆ ಯಾರಾದ್ರೂ ಕೇಳಿದ್ರೆ ಬೇಕಾಗ್ತದೆ."

ಕೊಟ್ಟೆ.